ಬಾಯಿಪಾಠ ಮತ್ತು ಕೈಪಾಠ: ಮಹಾಗಣಕ ಸಮ್ಮೇಳನಗಳ ಬೋಧನಾಗೋಷ್ಠಿಗಳನ್ನು ಕುರಿತು

ಕನ್ನಡದಲ್ಲಿ ‘ಬಾಯಿಪಾಠ’ ಎಂಬ ಮಾತು ಮನೆಮನೆಯಲ್ಲಿಯೂ ಸಲ್ಲುವ ಮಾತು. ಅದಕ್ಕೆ ಜೋಡಿಯಾಗಿ ನಿಲ್ಲಬೇಕಾಗಿದ್ದ ‘ಕೈಪಾಠ’ ಎಂಬ ಮಾತು ಏಕೋ ಅಷ್ಟಾಗಿ ಬಳಕೆಗೆ ಬರಲಿಲ್ಲ. ಮಗ್ಗಿಯನ್ನೂ ಅಮರವನ್ನೂ ಬಾಯಿಪಾಠ ಮಾಡಿಸುತ್ತಿದ್ದ ಕೂಲಿಮಠದ ಪಕ್ಕದ ಬೀದಿಯಲ್ಲಿಯೇ ಅಕ್ಕಸಾಲಿಗನೂ ಬಡಗಿಯೂ ನೇಕಾರನೂ ತಮ್ಮ ಮಕ್ಕಳಿಗೆ ಕೈಯ ಮೂಲಕವೇ ವಿದ್ಯೆಯನ್ನು ದಾಟಿಸುತ್ತಿದ್ದರು. ಆದರೆ ಆ ಕ್ರಮವನ್ನು ‘ಪಾಠ’ವೆಂದು ಕರೆಯುವ ಗೌರವವನ್ನು ಅಕ್ಷರಸ್ಥರು ತೋರಲಿಲ್ಲ. ಇಂದು, ಗಣಕವಿಜ್ಞಾನದ ಅತ್ಯಂತ ಮುಂದುವರಿದ ಶಾಖೆಯೊಂದರಲ್ಲಿ, ಈ ಹಳೆಯ ಭೇದವೇ ಹೊಸ ವೇಷದಲ್ಲಿ ಎದ್ದು ನಿಂತಿರುವುದನ್ನು ಕಾಣಬಹುದು. ಸೂಪರ್ ಕಂಪ್ಯೂಟರ್ ಎನಿಸಿಕೊಳ್ಳುವ ಮಹಾಗಣಕಗಳನ್ನು ಬಳಸುವವರು ವರ್ಷಕ್ಕೊಮ್ಮೆ ನೆರೆಯುವ ಸಮ್ಮೇಳನಗಳಲ್ಲಿ, ಮುಖ್ಯ ಕಲಾಪಗಳ ಅಂಗವಾಗಿ, ‘ಟ್ಯುಟೋರಿಯಲ್’ ಎಂಬ ಬೋಧನಾಗೋಷ್ಠಿಗಳು ನಡೆಯುವುದುಂಟು. ಅವುಗಳಲ್ಲಿ ಬರಿಯ ಉಪನ್ಯಾಸಗಳೂ ಉಂಟು. ಕಲಿಯಬಂದವನು ತನ್ನ ಕೈಯಿಂದಲೇ ಯಂತ್ರವನ್ನು ನಡೆಸಿ ನೋಡುವ ಕೈಪಾಠಗಳೂ ಉಂಟು. ಟ್ಯುಟರ್ ಎಂಬ ಲ್ಯಾಟಿನ್ ಮಾತಿಗೆ ಮೂಲದಲ್ಲಿ ‘ಕಾಯುವವನು’ ಎಂದು ಅರ್ಥ. ಕಲಿಯುವವನು ಎಡವುವಾಗ ಪಕ್ಕದಲ್ಲಿ ನಿಂತು ಕಾಯತಕ್ಕವನು ಎಂದು ಹಿಗ್ಗಿಸಿಕೊಂಡರೆ, ಕೈಪಾಠವೇ ಆ ಹೆಸರಿಗೆ ಹೆಚ್ಚು ಅರ್ಹವಾದುದು.

ಇಂತಹ ಗೋಷ್ಠಿಗಳು ತಾವಾಗಿ ಹುಟ್ಟುವುದಿಲ್ಲ. ಯಾರಾದರೂ ಇಬ್ಬರು ಮೂವರು ತಜ್ಞರು, ಸಮ್ಮೇಳನಕ್ಕೆ ಅನೇಕ ತಿಂಗಳು ಮೊದಲೇ, ಇಂತಹ ಪಾಠವನ್ನು ಇಂತಹ ರೀತಿಯಲ್ಲಿ ನಡೆಸಿಕೊಡುವೆವೆಂದು ಲಿಖಿತವಾದ ಪ್ರಸ್ತಾವವನ್ನು ಕಳುಹಿಸಬೇಕು. ಪರಿಶೀಲನ ಸಮಿತಿಯೊಂದು ಅದನ್ನು ತೂಗಿ ನೋಡಿ ಒಪ್ಪಬೇಕು. ಈ ಪ್ರಸ್ತಾವವು ಸಾಧಾರಣವಾಗಿ ಕೆಲವೇ ಪುಟಗಳ ಕಾಗದ. ಆದರೆ ದೂರದ ಊರಿಂದ ರೈಲಿನಲ್ಲಿ ಬಂದ ವಿದ್ಯಾರ್ಥಿಯೊಬ್ಬನ ಮೂರು ಗಂಟೆಗಳು ಸಾರ್ಥಕವಾಗುವುವೋ, ಇಲ್ಲವೆ ಗುಪ್ತಪದವೊಂದು ಒಪ್ಪಿಗೆಯಾಗದೆ ಪರದೆಯನ್ನು ನೋಡುತ್ತ ಕುಳಿತುಕೊಳ್ಳುವುದರಲ್ಲಿಯೇ ಕಳೆದುಹೋಗುವುವೋ ಎಂಬುದು ಬಹುಮಟ್ಟಿಗೆ ಆ ಕಾಗದದಲ್ಲಿಯೇ ನಿರ್ಧಾರವಾಗಿಬಿಟ್ಟಿರುತ್ತದೆ.

ಮೊದಲು, ಈ ವಿದ್ಯೆಗೆ ಕೈಪಾಠವು ಅಷ್ಟೊಂದು ಅಗತ್ಯವೇಕೆ ಎಂಬುದನ್ನು ನೋಡಬೇಕು. ಮಹಾಗಣಕವೆಂದರೆ ಒಂದು ಅತಿ ವೇಗದ ದೊಡ್ಡ ಯಂತ್ರವೆಂಬುದು ಸಾಮಾನ್ಯವಾದ ಕಲ್ಪನೆ. ವಸ್ತುತಃ ಅದು ಸಾವಿರಾರು ಸಾಧಾರಣ ಯಂತ್ರಗಳ ಒಕ್ಕೂಟ. ೨೦೨೨ರ ಜೂನ್ ತಿಂಗಳಲ್ಲಿ ಜಗತ್ತಿನ ೫೦೦ ಮಹಾಗಣಕಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬಂದ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ‘ಫ್ರಾಂಟಿಯರ್’ ಯಂತ್ರದಲ್ಲಿ ೮೭ ಲಕ್ಷಕ್ಕೂ ಮೇಲ್ಪಟ್ಟು ಗಣನಕೋಶಗಳಿದ್ದುವು. ಸೆಕೆಂಡಿಗೆ ಒಂದರ ಮುಂದೆ ಹದಿನೆಂಟು ಸೊನ್ನೆಗಳಷ್ಟು ಲೆಕ್ಕಗಳ ಎಲ್ಲೆಯನ್ನು ಆ ಪಟ್ಟಿಯಲ್ಲಿ ಮೊದಲ ಬಾರಿಗೆ ದಾಟಿದುದು ಅದೇ. ಇಷ್ಟು ಕೋಶಗಳಿಗೆ ಕೆಲಸವನ್ನು ಹಂಚುವುದು, ಅವುಗಳ ನಡುವೆ ವಾರ್ತೆಯನ್ನು ಸಾಗಿಸುವುದು, ಒಂದಕ್ಕಾಗಿ ಇನ್ನೊಂದು ಸುಮ್ಮನೆ ಕಾಯದಂತೆ ನೋಡಿಕೊಳ್ಳುವುದು, ಈ ವಿದ್ಯೆಯ ಸಾರವೆಲ್ಲ ಇಷ್ಟೇ. ಇಷ್ಟೇ ಎಂದರೂ ಇದು ಸುಲಭವಲ್ಲ. ಐ.ಬಿ.ಎಂ. ಸಂಸ್ಥೆಯ ಜೀನ್ ಆಮ್‌ಡಾಲ್ ೧೯೬೭ರಲ್ಲಿಯೇ ಇದರ ಮಿತಿಯನ್ನು ತೋರಿಸಿದನು. ಯಾವುದೊಂದು ಲೆಕ್ಕದಲ್ಲಿ ಹಂಚಲಾಗದ ಭಾಗವು ನೂರಕ್ಕೆ ಐದರಷ್ಟಿದ್ದರೆ, ಲಕ್ಷ ಯಂತ್ರಗಳನ್ನು ಜೋಡಿಸಿದರೂ ವೇಗವು ಇಪ್ಪತ್ತು ಪಟ್ಟಿಗಿಂತ ಹೆಚ್ಚಲಾರದು.

ಈ ಮಾತನ್ನು ಹಲಗೆಯ ಮೇಲೆ ಬರೆದು ತೋರಿಸಬಹುದು. ಆದರೆ ಹಲಗೆಯ ಮೇಲೆ ತೋರದ ಸಂಗತಿಗಳೇ ಹೆಚ್ಚು. ಒಂದು ತುದಿಯಲ್ಲಿ ಕಾಸಿದ ಕಬ್ಬಿಣದ ಸಲಾಕೆಯಲ್ಲಿ ಶಾಖವು ಹರಡುವ ಬಗೆಯನ್ನು ಲೆಕ್ಕ ಹಾಕಬೇಕೆಂದಿಟ್ಟುಕೊಳ್ಳೋಣ. ಸಲಾಕೆಯನ್ನು ನಾಲ್ಕು ತುಂಡಾಗಿ ಭಾವಿಸಿ ನಾಲ್ಕು ಗಣಕಗಳಿಗೆ ಹಂಚಿದರೆ, ಪ್ರತಿಯೊಂದು ಗಣಕವೂ ತನ್ನ ತುಂಡಿನ ಲೆಕ್ಕವನ್ನು ತಾನೇ ಮಾಡಬಲ್ಲುದು. ಆದರೆ ಅಂಚಿನಲ್ಲಿ ಮಾತ್ರ ನೆರೆಯ ತುಂಡಿನ ಶಾಖವೆಷ್ಟೆಂದು ಪ್ರತಿ ಹೆಜ್ಜೆಗೂ ಕೇಳಿ ತಿಳಿಯಬೇಕು. ಈ ಕೊಡುಕೊಳೆಗಾಗಿ ‘ಎಂ.ಪಿ.ಐ.’ ಎಂಬ ಸಂದೇಶವಿನಿಮಯದ ಕಟ್ಟಳೆ ೧೯೯೪ರಲ್ಲಿ ರೂಪುಗೊಂಡಿತು. ಇಂದಿಗೂ ಅದೇ ಈ ಲೋಕದ ವ್ಯವಹಾರಭಾಷೆ. ಹೊಸದಾಗಿ ಕಲಿಯುವವನು ಸಹಜವಾಗಿ ಹೀಗೆ ಬರೆಯುತ್ತಾನೆ: ಎಲ್ಲರೂ ಮೊದಲು ತಮ್ಮ ಅಂಚಿನ ಅಂಕೆಯನ್ನು ಎರಡು ಕಡೆಯ ನೆರೆಯವರಿಗೂ ಕಳುಹಿಸತಕ್ಕದ್ದು, ಅನಂತರ ಅವರಿಂದ ಬಂದುದನ್ನು ಪಡೆಯತಕ್ಕದ್ದು. ಕಾರ್ಯಕ್ರಮವು ನಡೆಯುತ್ತದೆ, ಉತ್ತರವೂ ಸರಿಯಾಗಿ ಬರುತ್ತದೆ. ಬಳಿಕ ಸಲಾಕೆಯ ಬದಲು ಅಗಲವಾದ ತಗಡನ್ನು ತೆಗೆದುಕೊಂಡು, ಅಂಚಿನಲ್ಲಿ ಒಂದಂಕೆಯ ಬದಲು ಹತ್ತು ಸಾವಿರ ಅಂಕೆಗಳನ್ನು ಸಾಗಿಸಹೊರಟರೆ, ಅದೇ ಕಾರ್ಯಕ್ರಮವು ಕಲ್ಲಿನಂತೆ ನಿಂತುಬಿಡಬಹುದು. ದೋಷದ ಸೂಚನೆಯಿಲ್ಲ, ಸದ್ದಿಲ್ಲ, ಉತ್ತರವೂ ಇಲ್ಲ.

ಕಾರಣವು ಅಂಚೆಯ ಉದಾಹರಣೆಯಿಂದ ಸ್ಪಷ್ಟವಾದೀತು. ಸಣ್ಣ ಕಾಗದವನ್ನು ಅಂಚೆಯವನು ಬಾಗಿಲ ಸಂದಿಯಲ್ಲಿ ಹಾಕಿ ಮುಂದೆ ನಡೆಯುತ್ತಾನೆ. ದೊಡ್ಡ ಪಾರ್ಸೆಲಾದರೆ, ಪಡೆಯುವವನು ಬಂದು ರುಜು ಹಾಕುವವರೆಗೂ ಕಾಯಬೇಕು. ಎದುರುಬದುರು ಮನೆಯವರಿಬ್ಬರೂ ಒಂದೇ ಗಳಿಗೆಯಲ್ಲಿ ಪಾರ್ಸೆಲುಗಳನ್ನು ಹೊತ್ತು ಪರಸ್ಪರರ ಬಾಗಿಲಿಗೆ ಹೋಗಿ ನಿಂತರೆ, ರುಜು ಹಾಕಲು ಯಾರ ಮನೆಯಲ್ಲಿಯೂ ಯಾರೂ ಇರುವುದಿಲ್ಲ; ಇಬ್ಬರೂ ಕಲ್ಪಾಂತದವರೆಗೆ ನಿಲ್ಲಬೇಕಾದುದೇ. ಪರಿಹಾರವೇನೋ ಸರಳವಾದುದು: ಸಮಸಂಖ್ಯೆಯ ಗಣಕಗಳು ಮೊದಲು ಕಳುಹಿಸಲಿ, ವಿಷಮಸಂಖ್ಯೆಯವು ಮೊದಲು ಪಡೆಯಲಿ ಎಂದು ಒಂದು ನಿಯಮವನ್ನು ಮಾಡಿದರಾಯಿತು. ಉಪನ್ಯಾಸದಲ್ಲಿ ಇದನ್ನು ಕೇಳಿದವನು ತಲೆದೂಗಿ, ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಾನೆ. ತನ್ನ ಕೈಯಿಂದಲೇ ಅಂಕೆಯೊಂದನ್ನು ಬದಲಿಸಿ, ಸರಿಯಾಗಿದ್ದ ಕಾರ್ಯಕ್ರಮವು ಕಣ್ಣೆದುರಿಗೇ ಸ್ತಬ್ಧವಾದುದನ್ನು ಕಂಡು, ಐದು ನಿಮಿಷ ಬೆವರಿದವನು ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಂದು ಬಗೆಯ ತೊಡಕು ಲೆಕ್ಕಪುಸ್ತಕಗಳನ್ನು ಬಲ್ಲವರಿಗೆ ಒಡನೆ ಅರ್ಥವಾಗುವಂಥದು. ಒಂದೇ ಖಾತೆಯ ಪುಟವನ್ನು ಇಬ್ಬರು ಗುಮಾಸ್ತರು ಒಟ್ಟಿಗೆ ತೆರೆದರೆನ್ನಿ. ಬಾಕಿ ೧,೦೦೦ ರೂಪಾಯಿ. ಒಬ್ಬನು ೨೦೦ನ್ನು ಕೂಡಿಸಬೇಕು, ಇನ್ನೊಬ್ಬನು ೩೦೦ನ್ನು. ಇಬ್ಬರೂ ೧,೦೦೦ವನ್ನು ಓದಿಕೊಂಡು ಹೋಗಿ ತಮ್ಮ ತಮ್ಮ ಮೊತ್ತವನ್ನು ಬರೆದರೆ, ಕೊನೆಗೆ ಪುಟದಲ್ಲಿ ಉಳಿಯುವುದು ೧,೨೦೦ ಅಥವಾ ೧,೩೦೦. ೧,೫೦೦ ಎಂದಿಗೂ ಅಲ್ಲ. ಒಬ್ಬನು ಮುಗಿಸಿದ ಮೇಲೆ ಇನ್ನೊಬ್ಬನು ಓದಿದ್ದರೆ ಮಾತ್ರ ಲೆಕ್ಕ ಸರಿಹೋಗುತ್ತಿತ್ತು. ೧೯೯೭ರಲ್ಲಿ ಪ್ರಕಟವಾದ ‘ಓಪನ್ ಎಂ.ಪಿ.’ ಎಂಬ ಪದ್ಧತಿಯಲ್ಲಿ ಒಂದೇ ಸ್ಮೃತಿಯನ್ನು ಅನೇಕ ಗಣನಕೋಶಗಳು ಹಂಚಿಕೊಳ್ಳುವುದರಿಂದ ಈ ಅಪಾಯವು ಹೆಜ್ಜೆಹೆಜ್ಜೆಗೂ ಉಂಟು. ಕಾರ್ಯಕ್ರಮವನ್ನು ಹತ್ತು ಸಲ ನಡೆಸಿದರೆ ಹತ್ತು ಬೇರೆ ಬೇರೆ ಉತ್ತರಗಳು ಬರಬಹುದು. ಗಣಕಯಂತ್ರವು ಎಂದೂ ತಪ್ಪು ಮಾಡದು ಎಂಬ ನಂಬಿಕೆಯೊಂದಿಗೆ ಬೆಳೆದ ವಿದ್ಯಾರ್ಥಿಗೆ ಆ ಹತ್ತು ಉತ್ತರಗಳನ್ನು ಸಾಲಾಗಿ ನೋಡುವುದಕ್ಕಿಂತ ದೊಡ್ಡ ಪಾಠವಿಲ್ಲ.

ಹೀಗೆ ಈ ವಿದ್ಯೆಯಲ್ಲಿ ಕಲಿಯಬೇಕಾದುದು ಹೆಚ್ಚಾಗಿ ತಪ್ಪುಗಳ ಸ್ವರೂಪವನ್ನು. ತಪ್ಪನ್ನು ಬಾಯಿಪಾಠ ಮಾಡಲಾಗುವುದಿಲ್ಲ, ಮಾಡಿಯೇ ತಿಳಿಯಬೇಕು.

ಇನ್ನು ಸಮ್ಮೇಳನಗಳ ವಿಷಯ. ಇವುಗಳಲ್ಲಿ ಅತ್ಯಂತ ದೊಡ್ಡದು ಅಮೆರಿಕದಲ್ಲಿ ೧೯೮೮ರಿಂದ ಪ್ರತಿ ವರ್ಷ ನವೆಂಬರ್ ತಿಂಗಳ ಸುಮಾರಿಗೆ ನಡೆದುಬಂದಿರುವ ‘ಎಸ್.ಸಿ.’ ಸಮ್ಮೇಳನ, ಅದರ ಮೊದಲ ಅಧಿವೇಶನ ಫ್ಲಾರಿಡದ ಆರ್ಲ್ಯಾಂಡೊ ನಗರದಲ್ಲಿ ಸೇರಿತ್ತು. ಅಲ್ಲಿ ಬೋಧನಾಗೋಷ್ಠಿಗಳಿಗೆ ಭಾನುವಾರ, ಸೋಮವಾರಗಳು ಮೀಸಲು. ಪ್ರಸ್ತಾವಗಳನ್ನು ಏಪ್ರಿಲಿನ ಸುಮಾರಿಗೇ ಕಳುಹಿಸಬೇಕಾಗುತ್ತದೆ. ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ೧೯೮೬ರಲ್ಲಿ ಹಾನ್ಸ್ ಮಾಯರ್ ಅವರ ನೇತೃತ್ವದಲ್ಲಿ ಸಣ್ಣ ಗೋಷ್ಠಿಯಾಗಿ ಮೊದಲಾದುದು ಇಂದು ಯೂರೋಪಿನ ‘ಐ.ಎಸ್.ಸಿ.’ ಸಮ್ಮೇಳನವಾಗಿ ಬೆಳೆದಿದೆ.

ಭಾರತದಲ್ಲಿ ಡಿಸೆಂಬರಿನಲ್ಲಿ ಸೇರುವ ‘ಹೈ.ಪಿ.ಸಿ.’ ಸಮ್ಮೇಳನಕ್ಕೂ ಕನ್ನಡನಾಡಿಗೂ ಇರುವ ನಂಟು ಗಮನಾರ್ಹವಾದುದು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದ ವಿಕ್ಟರ್ ಪ್ರಸನ್ನ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೂ, ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ವ್ಯಾಸಂಗ ಮಾಡಿ, ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಸಮ್ಮೇಳನವು ೧೯೯೮ರಲ್ಲಿ ಚೆನ್ನೈಯಲ್ಲಿ, ೨೦೦೦ದಲ್ಲಿ ಬೆಂಗಳೂರಿನಲ್ಲಿ, ೨೦೦೧ರಲ್ಲಿ ಹೈದರಾಬಾದಿನಲ್ಲಿ, ೨೦೧೨ರಲ್ಲಿ ಪುಣೆಯಲ್ಲಿ ಸೇರಿತು. ಬೆಂಗಳೂರಿಗಂತೂ ಅದು ಮತ್ತೆ ಮತ್ತೆ ಮರಳಿದೆ. ಹೊರನಾಡ ಕನ್ನಡಿಗರು ನೆಲಸಿರುವ ಊರುಗಳನ್ನೇ ಆರಿಸಿಕೊಂಡು ತಿರುಗಿದೆಯೋ ಎಂಬಂತೆ ತೋರಿದರೆ ಅದು ಕಾಕತಾಳೀಯ. ಆ ಊರುಗಳು ಗಣಕವಿದ್ಯೆಯ ಬೀಡುಗಳೂ ಆಗಿರುವುದೇ ಕಾರಣ.

ಪ್ರಕೃತ ವಿಷಯಕ್ಕೆ ಬರೋಣ. ಪ್ರಸ್ತಾವದಲ್ಲಿ ಸಾಮಾನ್ಯವಾಗಿ ಕೇಳುವ ಅಂಶಗಳು ಇವು: ಗೋಷ್ಠಿಯ ಹೆಸರು ಮತ್ತು ಸಾರಾಂಶ, ಅರ್ಧ ದಿನದ್ದೋ, ಪೂರ್ಣ ದಿನದ್ದೋ ಎಂಬುದು, ಯಾರಿಗಾಗಿ, ಅವರಿಗೆ ಮೊದಲೇ ಏನು ತಿಳಿದಿರಬೇಕು, ವಿಷಯದಲ್ಲಿ ಪ್ರಾರಂಭಿಕರಿಗೆ ಎಷ್ಟು ಪಾಲು, ಪ್ರೌಢರಿಗೆ ಎಷ್ಟು ಪಾಲು, ಬೋಧಕರ ಪರಿಚಯ, ಮಾದರಿಯ ಪಾಠಪುಟಗಳು, ವಿವರವಾದ ಪಾಠಕ್ರಮ. ಕೈಪಾಠವಿದ್ದರೆ ಅದರ ಏರ್ಪಾಡನ್ನು ಪ್ರತ್ಯೇಕವಾಗಿ ಬರೆಯಬೇಕು. ವ್ಯಾಪಾರದ ಸರಕೊಂದರ ಪ್ರಚಾರವನ್ನೇ ಪಾಠದ ಹೆಸರಿನಲ್ಲಿ ನಡೆಸುವುದಕ್ಕೆ ಇಂತಹ ಕಡೆಗಳಲ್ಲಿ ಆದರವಿಲ್ಲ.

ಇವುಗಳಲ್ಲಿ ಯಾವುದು ಮುಖ್ಯ? ಬರೆಯುವವರು ಸಾಧಾರಣವಾಗಿ ಸಾರಾಂಶಕ್ಕೂ ಬೋಧಕರ ಪರಿಚಯಕ್ಕೂ ತಮ್ಮ ಶಕ್ತಿಯನ್ನೆಲ್ಲ ವಿನಿಯೋಗಿಸುತ್ತಾರೆ. ಇದು ಮನುಷ್ಯಸ್ವಭಾವ. ಆದರೆ ಬ್ಯಾಂಕಿಗೆ ಬರುವ ಸಾಲದ ಅರ್ಜಿಗಳನ್ನು ನೋಡಿ ಪಳಗಿದ ಅಧಿಕಾರಿಗೆ ಒಂದು ಗುಟ್ಟು ಗೊತ್ತಿರುತ್ತದೆ: ಉದ್ದೇಶವನ್ನು ವರ್ಣಿಸುವ ಪುಟ ಎಷ್ಟೇ ಸೊಗಸಾಗಿರಲಿ, ನಿಜವು ಹೊರಬೀಳುವುದು ತಿಂಗಳುವಾರು ಹಣದ ಆಯವ್ಯಯದ ಪಟ್ಟಿಯಲ್ಲಿ. ಯಂತ್ರ ಎಂದು ಬರುತ್ತದೆ, ಕಚ್ಚಾ ಮಾಲು ಎಂದು ಬರುತ್ತದೆ, ಮೊದಲ ಸರಕು ಎಂದು ಮಾರಾಟವಾಗುತ್ತದೆ ಎಂಬ ಮೂರು ಸಾಲುಗಳನ್ನು ಒತ್ತೊತ್ತಾಗಿಟ್ಟು ನೋಡಿದರೆ, ಅರ್ಜಿದಾರನು ಆ ಕೆಲಸವನ್ನು ಹಿಂದೆ ಮಾಡಿದವನೇ ಅಲ್ಲವೇ ಎಂಬುದು ತಿಳಿದುಬಿಡುತ್ತದೆ. ಬೋಧನಾಗೋಷ್ಠಿಯ ಪ್ರಸ್ತಾವದಲ್ಲಿ ಆ ಸ್ಥಾನದಲ್ಲಿರುವುದು ಗಳಿಗೆಗಳ ಪಟ್ಟಿ. ಪರಿಶೀಲಕರು ಅದನ್ನೇ ಮೊದಲು ಓದುವುದು ಒಳ್ಳೆಯದು. ಬರೆಯುವವರು ಅದನ್ನೇ ಮೊದಲು ಬರೆಯುವುದು ಇನ್ನೂ ಒಳ್ಳೆಯದು.

ಅರ್ಧ ದಿನದ ಗೋಷ್ಠಿಯೆಂದರೆ ವಿರಾಮವನ್ನು ಕಳೆದು ಸುಮಾರು ಮೂರು ಗಂಟೆ, ಅಂದರೆ ೧೮೦ ನಿಮಿಷ. ಅರವತ್ತು ಮಂದಿ ಬಂದಿರುವರೆಂದೂ, ಒಬ್ಬೊಬ್ಬರಿಗೆ ಸರಾಸರಿ ಎರಡೇ ನಿಮಿಷದ ತೊಡಕು ಬರುವುದೆಂದೂ ಇಟ್ಟುಕೊಂಡರೂ, ನೆರವಿಗೆ ಒಬ್ಬನೇ ಇದ್ದಲ್ಲಿ ೧೨೦ ನಿಮಿಷ ಅದರಲ್ಲಿಯೇ ಹೋಯಿತು. ನಾಲ್ವರಿದ್ದರೆ ೩೦ ನಿಮಿಷ. ಈ ಕೂಡುವ ಕಳೆಯುವ ಲೆಕ್ಕವನ್ನು ಮಾಡದೆ, ಆರು ವಿಷಯಗಳನ್ನೂ ಎಂಟು ಅಭ್ಯಾಸಗಳನ್ನೂ ಮೂರು ಗಂಟೆಗೆ ತುರುಕಿದ ಪ್ರಸ್ತಾವಗಳಿಗೆ ಬರವಿಲ್ಲ. ಅವು ಕಾಗದದ ಮೇಲೆ ಸಮೃದ್ಧವಾಗಿ ಕಾಣುತ್ತವೆ. ಕೋಣೆಯಲ್ಲಿ ಮೂರನೆಯ ವಿಷಯಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸುತ್ತದೆ, ಉಳಿದುದನ್ನು ಬೋಧಕರು ಓಡುವ ಚಿತ್ರಗಳಲ್ಲಿ ತೋರಿಸಿ ಕೈಮುಗಿಯುತ್ತಾರೆ. ಮೂರು ಗಂಟೆಗೆ ಎರಡು ಅಭ್ಯಾಸಗಳು ಸಾಕು, ಮೂರು ಹೆಚ್ಚು. ಮೇಲೆ ಹೇಳಿದ ಶಾಖದ ಲೆಕ್ಕವೊಂದನ್ನೇ ತೆಗೆದುಕೊಂಡು, ಮೊದಲು ಹಂಚುವುದು, ಬಳಿಕ ಸ್ತಬ್ಧಗೊಳಿಸುವುದು, ಬಳಿಕ ಸರಿಪಡಿಸುವುದು, ಕೊನೆಗೆ ಎರಡು, ನಾಲ್ಕು, ಎಂಟು ಗಣಕಗಳಲ್ಲಿ ಕಾಲವನ್ನು ಅಳೆದು ಆಮ್‌ಡಾಲನ ಮಿತಿಯನ್ನು ಕಣ್ಣಾರೆ ಕಾಣುವುದು, ಇಷ್ಟನ್ನು ನೆಮ್ಮದಿಯಾಗಿ ಮಾಡಿಸಿದರೆ ಅದು ಪೂರ್ಣವಾದ ಪಾಠ.

ಎರಡನೆಯ ಪ್ರಶ್ನೆ ಯಂತ್ರದ್ದು. ಕೈಪಾಠಗಳು ಬಹುವಾಗಿ ಮುಗ್ಗರಿಸುವುದು ಇಲ್ಲಿಯೇ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ಬಂದವರು ತಮ್ಮ ತಮ್ಮ ಲ್ಯಾಪ್‌ಟಾಪುಗಳಲ್ಲಿಯೇ ಅಭ್ಯಾಸವನ್ನು ಮಾಡಲಿ ಎಂಬುದು ಅಗ್ಗದ ಉಪಾಯ. ಆದರೆ ಅರವತ್ತು ಲ್ಯಾಪ್‌ಟಾಪುಗಳೆಂದರೆ ಅರವತ್ತು ಜಾತಕಗಳು. ಒಂದರಲ್ಲಿ ಬೇಕಾದ ತಂತ್ರಾಂಶ ಹತ್ತುವುದಿಲ್ಲ. ಇನ್ನೊಂದು ಕಚೇರಿಯ ಸ್ವತ್ತಾದುದರಿಂದ ಹೊಸದೇನನ್ನೂ ಹಾಕಲು ಅನುಮತಿಯಿಲ್ಲ. ಎಲ್ಲವನ್ನೂ ಮೊದಲೇ ಒಂದು ಪೆಟ್ಟಿಗೆಯಲ್ಲಿ ಕಟ್ಟಿಟ್ಟು ಕೊಡುವ ‘ಕಂಟೇನರ್’ ಪದ್ಧತಿಯಿಂದ ಈ ಕಷ್ಟ ಬಹಳ ಕಡಮೆಯಾಗಿದೆಯಾದರೂ, ಸಮ್ಮೇಳನದ ಸಭಾಂಗಣದಲ್ಲಿ ಅರವತ್ತು ಮಂದಿ ಒಟ್ಟಿಗೆ ಆ ಪೆಟ್ಟಿಗೆಯನ್ನು ಇಳಿಸಿಕೊಳ್ಳಹೊರಟರೆ ಅಲ್ಲಿಯ ನಿಸ್ತಂತು ಜಾಲ ಉಸಿರುಕಟ್ಟಿಕೊಳ್ಳುತ್ತದೆ. ಇದಕ್ಕಿಂತ ಮುಖ್ಯವಾದ ಆಕ್ಷೇಪವೊಂದುಂಟು. ಎಂಟು ಕೋಶಗಳ ಲ್ಯಾಪ್‌ಟಾಪಿನಲ್ಲಿ ಮಹಾಗಣಕದ ನಿಜವಾದ ಗುಣವಾಗಲಿ ದೋಷವಾಗಲಿ ಗೋಚರವಾಗುವುದಿಲ್ಲ. ಯಂತ್ರದಿಂದ ಯಂತ್ರಕ್ಕೆ ತಂತಿಯ ಮೂಲಕ ವಾರ್ತೆ ಹೋಗಿ ಬರುವ ವಿಳಂಬವೇ ಆ ವಿದ್ಯೆಯ ಹೃದಯವಾಗಿರುವಾಗ, ಆ ತಂತಿಯೇ ಇಲ್ಲದ ಕಡೆ ಅದನ್ನು ಕಲಿಸುವುದು ಬಾವಿಯ ನೀರಿನಲ್ಲಿ ಕಡಲಯಾನವನ್ನು ಕಲಿಸಿದಂತೆ.

ದೂರದಲ್ಲಿರುವ ನಿಜವಾದ ಮಹಾಗಣಕವೊಂದಕ್ಕೆ ಸಂಪರ್ಕ ಕೊಡಿಸುವುದು ಎರಡನೆಯ ದಾರಿ. ಇದೇ ಉತ್ತಮವಾದುದೆಂದು ಹೇಳಬೇಕು. ಆದರೆ ಇಲ್ಲಿ ಮುಂದಾಲೋಚನೆಯು ನೂರ್ಮಡಿ ಬೇಕು. ಮಹಾಗಣಕಗಳಲ್ಲಿ ಕೆಲಸಗಳು ಸರದಿಯ ಸಾಲಿನಲ್ಲಿ ನಿಲ್ಲುತ್ತವೆ. ಸಾಲು ದೊಡ್ಡದಿದ್ದರೆ ಐದು ಸೆಕೆಂಡಿನ ಅಭ್ಯಾಸಕ್ಕೆ ಐದು ಗಂಟೆ ಕಾಯಬೇಕಾದೀತು. ಆದುದರಿಂದ ಗೋಷ್ಠಿಯ ಅವಧಿಗೆ ಯಂತ್ರದ ಒಂದು ಭಾಗವನ್ನು ಕಾದಿರಿಸಬೇಕು. ಅದಕ್ಕೆ ಆ ಕೇಂದ್ರದ ಅಧಿಕಾರಿಗಳ ಲಿಖಿತವಾದ ಒಪ್ಪಿಗೆ ಪ್ರಸ್ತಾವದೊಡನೆಯೇ ಇರುವುದು ಲೇಸು. ಒಬ್ಬೊಬ್ಬರ ಹೆಸರಿನಲ್ಲಿ ಖಾತೆ ತೆರೆಯುವುದಾದರೆ ಕೆಲವು ಸರಕಾರೀ ಪ್ರಯೋಗಾಲಯಗಳಲ್ಲಿ ಪರದೇಶದ ಪ್ರಜೆಗಳ ಪೂರ್ವಾಪರಗಳನ್ನು ಪರಿಶೀಲಿಸಲು ವಾರಗಟ್ಟಲೆ ಹಿಡಿಯುತ್ತದೆ. ಹೆಸರಿಲ್ಲದ ತಾತ್ಕಾಲಿಕ ಖಾತೆಗಳನ್ನು ಮೊದಲೇ ತೆರೆದಿಟ್ಟು, ಒಂದೊಂದು ಚೀಟಿಯಲ್ಲಿ ಖಾತೆಯ ಹೆಸರನ್ನೂ ಗುಪ್ತಪದವನ್ನೂ ಅಚ್ಚು ಮಾಡಿ ಬಾಗಿಲಲ್ಲಿಯೇ ಹಂಚುವುದು ಅನುಭವಸ್ಥರ ಕ್ರಮ. ಆ ಚೀಟಿಯಲ್ಲಿ ಸೊನ್ನೆಗೂ ಇಂಗ್ಲಿಷಿನ ‘ಓ’ ಅಕ್ಷರಕ್ಕೂ ಭೇದ ತಿಳಿಯದಂತಹ ಗುಪ್ತಪದವನ್ನು ಅಚ್ಚು ಮಾಡಿ ಅರ್ಧ ಗಂಟೆಯನ್ನು ಕಳೆದುಕೊಂಡವರೂ ಇದ್ದಾರು!

ಇತ್ತೀಚೆಗೆ ಚಿತ್ರಸಂಸ್ಕರಣದ ಚಿಪ್ಪುಗಳಿಂದ ಲೆಕ್ಕ ಮಾಡಿಸುವುದು ಹೆಚ್ಚಾಗಿದೆ. ಎನ್‌ವಿಡಿಯ ಸಂಸ್ಥೆಯು ೨೦೦೭ರಲ್ಲಿ ‘ಕುಡ’ ಎಂಬ ಭಾಷಾಸಾಧನವನ್ನು ಬಿಡುಗಡೆ ಮಾಡಿದ ಮೇಲೆ ಇದು ಹಬ್ಬಿತು. ಈ ಚಿಪ್ಪುಗಳು ದುಬಾರಿಯಾದುವು. ಅರವತ್ತು ಮಂದಿಗೆ ಅರವತ್ತನ್ನು ಒದಗಿಸುವುದು ಸುಲಭವಲ್ಲ. ೨೦೨೦ರಲ್ಲಿ ಬಂದ ‘ಎ ೧೦೦’ ಮಾದರಿಯಲ್ಲಿ ಒಂದನ್ನು ಏಳು ಭಾಗಗಳವರೆಗೆ ಒಡೆದು ಕೊಡುವ ಅನುಕೂಲವಿದೆ. ಆಗ ಒಂಬತ್ತು ಚಿಪ್ಪುಗಳಲ್ಲಿ ಅರವತ್ತು ಮಂದಿಯ ಕೆಲಸ ಸಾಗುತ್ತದೆ. ಪ್ರಾರಂಭಿಕರಿಗೆ ಏಳನೆಯ ಒಂದು ಪಾಲು ಧಾರಾಳವಾಗಿ ಸಾಲುವುದು.

ಯಂತ್ರವನ್ನೇ ಹೊತ್ತುಕೊಂಡು ಹೋಗುವ ಮೂರನೆಯ ದಾರಿಯೊಂದು ಹಾಸ್ಯಕ್ಕೆ ಹೇಳಿದಂತೆ ಕಂಡರೂ ನಿಜವಾಗಿ ನಡೆದುದು. ಅಮೆರಿಕದ ಅರ್ಲ್‌ಹ್ಯಾಮ್ ಕಾಲೇಜಿನ ಚಾರ್ಲ್ಸ್ ಪೆಕ್ ಮತ್ತು ಅವರ ಸಂಗಡಿಗರು, ಆರು ಸಣ್ಣ ಗಣಕಫಲಕಗಳನ್ನು ಲೋಹದ ಚೌಕಟ್ಟಿನಲ್ಲಿ ಜೋಡಿಸಿ, ವಿಮಾನದಲ್ಲಿ ಪ್ರಯಾಣಿಕನ ಸಾಮಾನಿನೊಡನೆ ಸಾಗಿಸಬಹುದಾದ ‘ಲಿಟಲ್ ಫೆ’ ಎಂಬ ಪುಟ್ಟ ಮಹಾಗಣಕವನ್ನು ರೂಪಿಸಿದರು. ದೊಡ್ಡ ಗಣಕಗಳಿಗೆ ಅಲ್ಲಿಯವರು ‘ದೊಡ್ಡ ಕಬ್ಬಿಣ’ವೆಂದು ಅಡ್ಡಹೆಸರಿಡುವುದುಂಟು; ‘ಫೆ’ ಎಂಬುದು ರಸಾಯನಶಾಸ್ತ್ರದಲ್ಲಿ ಕಬ್ಬಿಣದ ಸಂಕೇತ. ಪುಟ್ಟ ಕಬ್ಬಿಣ! ಅದರ ವೇಗ ಹೇಳಿಕೊಳ್ಳುವಂಥದಲ್ಲ. ಆದರೆ ಆರು ಯಂತ್ರಗಳೂ ಅವುಗಳ ನಡುವಣ ತಂತಿಗಳೂ ಕಣ್ಣಿಗೆ ಕಾಣುತ್ತವೆ. ಸಭಾಂಗಣದ ಜಾಲವು ಸತ್ತರೂ ಅದು ಸಾಯುವುದಿಲ್ಲ.

ಈ ಕೊನೆಯ ಮಾತಿನಲ್ಲಿಯೇ ಪ್ರಸ್ತಾವದ ಸತ್ವಪರೀಕ್ಷೆಯಿದೆ. ಯಂತ್ರವು ಕೈಕೊಟ್ಟರೆ ಕೈಪಾಠದ ಗತಿಯೇನು? ಇದಕ್ಕೆ ಉತ್ತರವಿಲ್ಲದ ಪ್ರಸ್ತಾವವನ್ನು, ಬೋಧಕರು ಎಷ್ಟೇ ಕೀರ್ತಿವಂತರಾಗಿರಲಿ, ಸಮಿತಿಯು ಹಿಂದಕ್ಕೆ ಕಳುಹಿಸಿ ಕೇಳುವುದು ನ್ಯಾಯ. ಎರಡನೆಯ ಯಂತ್ರವೊಂದು ಸಿದ್ಧವಾಗಿರಬಹುದು. ಲ್ಯಾಪ್‌ಟಾಪಿನಲ್ಲಿಯೇ ನಡೆಯುವ ಸಣ್ಣ ಅಭ್ಯಾಸವಿರಬಹುದು. ಏನೂ ಇಲ್ಲದಿದ್ದರೆ ಕಾಗದವಾದರೂ ಇರಬಹುದು. ಹತ್ತು ಮಂದಿಯನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬನ ಕೈಗೂ ಅಂಕೆಯ ಚೀಟಿಗಳನ್ನು ಕೊಟ್ಟು, ನೆರೆಯವನೊಡನೆ ಮಾತ್ರ ಬದಲಿಸಿಕೊಳ್ಳುತ್ತ ಅವನ್ನು ಏರುವ ಕ್ರಮದಲ್ಲಿ ಜೋಡಿಸಿರೆಂದರೆ, ವಿದ್ಯುತ್ತಿಲ್ಲದೆಯೇ ಸಮಾಂತರ ಗಣನೆಯ ಪಾಠವೊಂದು ನಡೆದುಹೋಗುತ್ತದೆ. ಪ್ರೌಢರು ಇದನ್ನು ಮಕ್ಕಳಾಟವೆಂದು ಮೂಗು ಮುರಿಯುವುದುಂಟು. ಆದರೆ ಆಟದ ನಡುವೆ ಇಬ್ಬರು ಒಬ್ಬರಿಗಾಗಿ ಒಬ್ಬರು ಕಾಯುತ್ತ ನಿಂತುಬಿಟ್ಟಾಗ ಕೋಣೆಯಲ್ಲೇಳುವ ನಗುವಿನಲ್ಲಿ ಆ ಹಿಂದೆ ಹೇಳಿದ ಪಾರ್ಸೆಲಿನ ಪಾಠವು ಎಲ್ಲರಿಗೂ ಮನದಟ್ಟಾಗಿರುತ್ತದೆ.

ಜನರ ಏರ್ಪಾಡಿನ ಬಗ್ಗೆಯೂ ಎರಡು ಮಾತು. ೧೯೯೮ರಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡ ಅವರು ಅಮೆರಿಕದ ಲಾಸ್ ಅಲಾಮೊಸ್ ಪ್ರಯೋಗಾಲಯದಲ್ಲಿ ವಿಜ್ಞಾನಿಗಳಿಗಾಗಿ ಆರಂಭಿಸಿದ ‘ಸಾಫ್ಟ್‌ವೇರ್ ಕಾರ್ಪೆಂಟ್ರಿ’ ಎಂಬ ಶಿಕ್ಷಣಕ್ರಮದಲ್ಲಿ (ಹೆಸರಿನಲ್ಲಿಯೇ ಬಡಗಿಯ ಕಸುಬು ಇದೆಯೆಂಬುದನ್ನು ಗಮನಿಸಬೇಕು) ಮುಂದೆ ಬಹು ಸರಳವಾದ ಉಪಾಯವೊಂದು ರೂಢಿಗೆ ಬಂದಿತು. ಕಲಿಯಬಂದ ಪ್ರತಿಯೊಬ್ಬನಿಗೂ ಎರಡು ಬಣ್ಣದ ಅಂಟುಚೀಟಿಗಳನ್ನು ಕೊಡುವುದು; ಕೆಲಸ ಮುಗಿದಾಗ ಒಂದನ್ನು, ಸಿಕ್ಕಿಕೊಂಡಾಗ ಇನ್ನೊಂದನ್ನು ತನ್ನ ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸುವುದು. ಬೋಧಕನು ತಲೆಯೆತ್ತಿ ನೋಡಿದರೆ ಕೋಣೆಯ ಸ್ಥಿತಿಯೆಲ್ಲ ಬಣ್ಣಗಳಲ್ಲಿ ತೋರುತ್ತದೆ. ಕೈಯೆತ್ತಿ ‘ನನಗೆ ತಿಳಿಯಲಿಲ್ಲ’ ಎನ್ನಲು ನಾಚುವವರು ನಮ್ಮ ದೇಶದಲ್ಲಿ ಹೆಚ್ಚು. ಅವರಿಗೆ ಈ ಚೀಟಿಯು ವರವೇ ಸರಿ. ಬೋಧಕನು ಸಿದ್ಧವಾದ ಚಿತ್ರಗಳನ್ನು ತಿರುವಿಹಾಕದೆ, ಎಲ್ಲರ ಎದುರಿನಲ್ಲಿ ಒಂದೊಂದು ಸಾಲನ್ನೂ ತಾನೇ ಬರೆಯುತ್ತ ಹೋಗಬೇಕೆಂಬುದು ಅದೇ ಕ್ರಮದ ಇನ್ನೊಂದು ನಿಯಮ. ಆಗ ಅವನ ವೇಗವು ಕಲಿಯುವವನ ಬೆರಳಿನ ವೇಗವನ್ನು ಮೀರಲಾರದು. ಮೇಲಾಗಿ ಅವನೂ ತಪ್ಪು ಬರೆಯುತ್ತಾನೆ, ಅದನ್ನು ತಿದ್ದುವ ಬಗೆಯನ್ನು ಎಲ್ಲರೂ ನೋಡುತ್ತಾರೆ.

ಭಾರತದ ಮಟ್ಟಿಗೆ ಈ ವಿಷಯವು ಬರಿಯ ಸಮ್ಮೇಳನದ ಶಿಷ್ಟಾಚಾರವಾಗಿ ಉಳಿದಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ೧೯೮೬ರಲ್ಲಿಯೇ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವು ಕೆಲಸ ಮಾಡತೊಡಗಿತ್ತು. ೧೯೮೮ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ವಿಜಯ ಭಟ್ಕರ್ ಅವರ ನಾಯಕತ್ವದಲ್ಲಿ ೧೯೯೧ರಲ್ಲಿ ‘ಪರಮ್ ೮೦೦೦’ ಯಂತ್ರವನ್ನು ಹೊರತಂದಿತು. ೨೦೧೫ರಲ್ಲಿ ೪,೫೦೦ ಕೋಟಿ ರೂಪಾಯಿಗಳ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಯೋಜನೆಗೆ ಮಂಜೂರಾತಿ ದೊರೆಯಿತು. ಅದರ ಫಲವಾಗಿ ೨೦೨೨ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೩.೩ ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ನಿಂತಿತು. ಅಂದರೆ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಮಿಕ್ಕ ಲೆಕ್ಕಗಳು. ಯಂತ್ರಗಳನ್ನು ಹಣ ಕೊಟ್ಟು ತರಬಹುದು, ಕಟ್ಟಲೂಬಹುದು. ಕೈಗಳನ್ನು ಪಳಗಿಸುವುದಕ್ಕೆ ಮಂಜೂರಾತಿಯ ಪತ್ರ ಸಾಲದು. ಅರ್ಧಂಬರ್ಧ ಪಳಗಿದ ಕೈಯಲ್ಲಿ ಬರೆದ ಕಾರ್ಯಕ್ರಮವು ಸಾವಿರ ಕೋಶಗಳನ್ನು ಹಿಡಿದುಕೊಂಡು ಹತ್ತರಷ್ಟು ಕೆಲಸ ಮಾಡಿದರೆ, ಮಿಕ್ಕ ಕೋಶಗಳು ಸುಮ್ಮನೆ ಕಾಯುತ್ತ ವಿದ್ಯುತ್ತನ್ನು ಮಾತ್ರ ಕುಡಿಯುತ್ತಿರುತ್ತವೆ. ಸಾಲಿನಲ್ಲಿ ಹಿಂದೆ ನಿಂತ ಮಳೆಯ ಲೆಕ್ಕವೋ ಔಷಧದ ಲೆಕ್ಕವೋ ಅಷ್ಟು ತಡವಾಗುತ್ತದೆ.

ಮಹಾಗಣಕವಿಲ್ಲದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಮ್ಮೇಳನದ ಕೈಪಾಠವು, ಅನೇಕ ಸಂದರ್ಭಗಳಲ್ಲಿ, ಅಂತಹ ಯಂತ್ರವನ್ನು ಮುಟ್ಟುವ ಮೊದಲ ಅವಕಾಶವಾಗಿರುತ್ತದೆ. ಪುಣೆ, ಹೈದರಾಬಾದು, ಚೆನ್ನೈಗಳ ಗಣಕಕೇಂದ್ರಗಳಲ್ಲಿ ಕೆಲಸ ಮಾಡುವವರಲ್ಲಿ ಕನ್ನಡಿಗರು ಇಲ್ಲದಿಲ್ಲ. ಪ್ರಸ್ತಾವ ಬರೆಯತಕ್ಕವರು ಪ್ರಾಧ್ಯಾಪಕರೇ ಆಗಬೇಕೆಂಬ ನಿಯಮವೇನೂ ಇಲ್ಲ. ದಿನದಿನವೂ ಬಳಕೆದಾರರ ತಪ್ಪುಗಳನ್ನು ಬಿಡಿಸಿಕೊಡುವ ಕೇಂದ್ರದ ತಂತ್ರಜ್ಞನು, ಯಾವ ತಪ್ಪು ಎಷ್ಟು ಮಂದಿಗೆ ಎಲ್ಲಿ ಬರುತ್ತದೆಂಬುದನ್ನು ಪ್ರಾಧ್ಯಾಪಕನಿಗಿಂತ ಚೆನ್ನಾಗಿ ಬಲ್ಲನು. ಇಬ್ಬರೂ ಸೇರಿ ಬರೆದ ಪ್ರಸ್ತಾವವು ಒಬ್ಬರೇ ಬರೆದುದಕ್ಕಿಂತ ಬಲವಾಗಿರುವುದು ಸ್ವಾಭಾವಿಕ. ಬೆಂಗಳೂರಿನಲ್ಲಿ ಸಮ್ಮೇಳನ ಸೇರಿದಾಗ, ನೆರವಿಗೆ ನಿಂತ ನಾಲ್ವರಲ್ಲಿ ಒಬ್ಬನಾದರೂ ಕನ್ನಡದಲ್ಲಿ ‘ಈ ಸಾಲಿನಲ್ಲಿ ನೋಡು, ಅವನಿಗಾಗಿ ನೀನು ಕಾಯುತ್ತಿದ್ದೀಯೆ’ ಎಂದು ಮೆಲ್ಲಗೆ ಹೇಳಬಲ್ಲವನಾಗಿದ್ದರೆ ಅದರಿಂದ ಗೋಷ್ಠಿಯ ಅಂತರರಾಷ್ಟ್ರೀಯತೆಗೆ ಕುಂದೇನೂ ಬಾರದು.

ಪ್ರಸ್ತಾವದ ಕೊನೆಯ ಪುಟದಲ್ಲಿ ಬಹು ಮಂದಿ ಮರೆಯುವ ಒಂದು ಸಾಲನ್ನು ಇಲ್ಲಿ ಸೂಚಿಸಬೇಕು. ಗೋಷ್ಠಿ ಮುಗಿದ ಗಳಿಗೆಯಲ್ಲಿಯೇ ತಾತ್ಕಾಲಿಕ ಖಾತೆಗಳನ್ನು ಮುಚ್ಚಿಬಿಡುವುದು ವಾಡಿಕೆ. ಕಲಿತವನು ಅಭ್ಯಾಸವನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೊರಡುತ್ತಾನೆ. ರೈಲಿನಲ್ಲಿ ಅವನಿಗೆ ತಾನು ಮಾಡಿದ ತಪ್ಪು ಹೊಳೆಯುತ್ತದೆ. ಊರಿಗೆ ಬಂದು ಪ್ರಯತ್ನಿಸಿದರೆ ಬಾಗಿಲು ಮುಚ್ಚಿದೆ. ಖಾತೆಗಳನ್ನು ಇನ್ನೊಂದು ವಾರ ತೆರೆದಿಡಲು ಕೇಂದ್ರಕ್ಕೆ ಹೆಚ್ಚಿನ ವೆಚ್ಚವೇನೂ ಬೀಳದು. ಅದಕ್ಕೆ ಅನುಮತಿಯನ್ನು ಏಪ್ರಿಲಿನಲ್ಲಿಯೇ ಕೇಳಿರಬೇಕು, ಅಷ್ಟೆ.